ಯೂರೈಲ್ ಪಾಸ್: ಸಣ್ಣ ಊರುಗಳ ಒಂಟಿ ಪ್ರವಾಸಕ್ಕೆ ಎಷ್ಟು ದಿನದ್ದು ಸಾಕು?

ಬೆನ್ನಿಗೊಂದು ಬ್ಯಾಗು ಹಾಕಿಕೊಂಡು, ಖರ್ಚನ್ನು ಹಿಡಿತದಲ್ಲಿಟ್ಟುಕೊಂಡು, ಯೂರೋಪಿನ ಸಣ್ಣ ಊರುಗಳನ್ನು ಒಬ್ಬರೇ ಸುತ್ತಿ ಬರಬೇಕೆಂಬ ಆಸೆಯಿರುವ ಹುಡುಗ ಹುಡುಗಿಯರು ಮೈಸೂರಿನಲ್ಲಿ ಈಚೆಗೆ ಹೆಚ್ಚುತ್ತಿದ್ದಾರೆ. ನಮ್ಮ ಕುವೆಂಪುನಗರದಲ್ಲಿಯೂ ಅಂಥವರಿದ್ದಾರೆ. ಸಿಕ್ಕಾಗಲೆಲ್ಲ ಅವರು ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ಯೂರೈಲ್ ಪಾಸ್ ತಗೊಂಡ್ರೆ ಗಿಟ್ಟುತ್ತಾ?" ಎಂಬುದು. ಒಂದೇ ಟಿಕೆಟ್ಟಿನಲ್ಲಿ ಯೂರೋಪಿನ ಹಲವು ದೇಶಗಳ ರೈಲುಗಳನ್ನು ಹತ್ತಲು ಬಿಡುವ ಈ ಪಾಸ್ ಹಿಡಿದು ಜರ್ಮನಿಯ ಬವೇರಿಯಾ ರಾಜ್ಯ, ಆಸ್ಟ್ರಿಯಾ ಮತ್ತು ಸ್ಲೊವೇನಿಯಾಗಳಲ್ಲಿ ಒಬ್ಬಳೇ ಓಡಾಡಿ ಬಂದವಳಾಗಿ, ಆ ಪ್ರಶ್ನೆಗೆ ನನ್ನ ಉತ್ತರವನ್ನು ಇಲ್ಲಿ ವಿವರವಾಗಿಯೇ ಬರೆಯುತ್ತಿದ್ದೇನೆ. ಪಾಸ್ ಗಿಟ್ಟುತ್ತದೆ, ಆದರೆ ಕಡಿಮೆ ದಿನದ್ದನ್ನು ಕೊಂಡವರಿಗೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಯೂರೈಲ್ ಪಾಸ್ 1959ರಿಂದ ಚಾಲ್ತಿಯಲ್ಲಿದೆ. ಯೂರೋಪಿನ ಹೊರಗೆ ನೆಲೆಸಿರುವವರಿಗೆ ಇದು. ಅಲ್ಲಿಯೇ ನೆಲೆಸಿರುವವರಿಗೆ ಇಂಟರ್‌ರೈಲ್ ಎಂಬ ಬೇರೆ ಪಾಸ್ ಇದೆ. ಹೀಗಾಗಿ ಜರ್ಮನಿಯಲ್ಲಿ ಓದುತ್ತಿರುವ ನೆಂಟರು ಕೊಡುವ ಸಲಹೆ ನಮಗೆ ಎಲ್ಲ ಸಲವೂ ಹೊಂದುವುದಿಲ್ಲ. ಯೂರೈಲ್‌ನ ಗ್ಲೋಬಲ್ ಪಾಸ್ ಎಂಬ ಬಗೆ 33 ದೇಶಗಳಲ್ಲಿ ನಡೆಯುತ್ತದೆ. ಒಂದು ತಿಂಗಳೊಳಗೆ ನಮಗೆ ಬೇಕಾದ 4, 5 ಅಥವಾ 7 ದಿನ, ಎರಡು ತಿಂಗಳೊಳಗೆ 10 ಅಥವಾ 15 ದಿನ ಎಂಬಂತೆ ಆರಿಸಿಕೊಳ್ಳಬಹುದು. ಎಡೆಬಿಡದೆ ಓಡಾಡುವವರಿಗೆ 15 ದಿನದಿಂದ ಮೂರು ತಿಂಗಳವರೆಗಿನ ಪಾಸ್‌ಗಳೂ ಇವೆ. ವಯಸ್ಸು 27 ದಾಟದವರಿಗೆ ಒಳ್ಳೆಯ ರಿಯಾಯಿತಿ ಸಿಗುತ್ತದೆ, 60 ದಾಟಿದವರಿಗೂ ಸ್ವಲ್ಪ ಇಳಿಕೆ ಇದೆ.

ಬಳಸುವ ಕ್ರಮ ಸರಳವಾಗಿದೆ. ಪಾಸ್ ಮೊಬೈಲಿನ ಆ್ಯಪ್‌ನಲ್ಲಿಯೇ ಇರುತ್ತದೆ. ಹತ್ತಬೇಕೆಂದಿರುವ ರೈಲನ್ನು ಅದರಲ್ಲಿ ಹುಡುಕಿ, ಆ ದಿನದ ಪ್ರಯಾಣಕ್ಕೆ ಸೇರಿಸಿದರೆ ಕ್ಯೂಆರ್ ಕೋಡ್ ಮೂಡುತ್ತದೆ. ಟಿಸಿ ಬಂದಾಗ ಅದನ್ನು ತೋರಿಸಬೇಕು, ಕೇಳಿದರೆ ಪಾಸ್‌ಪೋರ್ಟನ್ನೂ ತೋರಿಸಬೇಕು. ನಡುರಾತ್ರಿಯಿಂದ ನಡುರಾತ್ರಿಯವರೆಗೆ ಒಂದು ದಿನವೆಂದು ಲೆಕ್ಕ, ಆ ಅವಧಿಯಲ್ಲಿ ಎಷ್ಟು ರೈಲು ಹತ್ತಿದರೂ ಒಂದೇ ದಿನ ಕಳೆಯುತ್ತದೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೆ ಹೊರಟ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಟಿಕೆಟ್ಟೆಲ್ಲ ಮೊಬೈಲಿನಲ್ಲಿಯೇ ಇರುವುದರಿಂದ ಪವರ್ ಬ್ಯಾಂಕ್ ಇಲ್ಲದೆ ಹೊರಡಬಾರದು. ಒಬ್ಬರೇ ಇರುವಾಗ ಇನ್ನೊಬ್ಬರ ಮೊಬೈಲ್ ನೆರವಿಗೆ ಬರುವುದಿಲ್ಲ.

ಬೆಲೆಯ ವಿಷಯವನ್ನು ತುಸು ನಿಧಾನವಾಗಿ ನೋಡಬೇಕು. ದೊಡ್ಡವರ ಎರಡನೇ ದರ್ಜೆಯ ಪಾಸ್‌ನಲ್ಲಿ 4 ದಿನದ್ದಕ್ಕೆ ದಿನವೊಂದಕ್ಕೆ ಸುಮಾರು 70 ಯೂರೊ ಬೀಳುತ್ತದೆ, 7 ದಿನದ್ದಕ್ಕೆ ಅದು ಸುಮಾರು 55ಕ್ಕೆ ಇಳಿಯುತ್ತದೆ. ಹೀಗೆ ಇಳಿಯುವ ದರವನ್ನು ಕಂಡು ಹೆಚ್ಚು ದಿನದ ಪಾಸ್ ಕೊಳ್ಳುವ ಮನಸ್ಸಾಗುವುದು ಸಹಜ. ಆದರೆ ಸಣ್ಣ ಊರುಗಳ ಪ್ರವಾಸದಲ್ಲಿ ಬಹುಪಾಲು ದಿನಗಳ ರೈಲು ಪಯಣ ಬಹಳ ಚಿಕ್ಕದು. ಬವೇರಿಯಾದ ನ್ಯೂರೆಂಬರ್ಗಿನಿಂದ ಬಾಂಬೆರ್ಗಿಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ರೆಗ್ನಿಟ್ಸ್ ನದಿಯ ನಡುವೆಯೇ ಕಟ್ಟಿದ ಹಳೆಯ ಪುರಭವನವನ್ನು ನೋಡಿ ಸಂಜೆಗೆ ಹಿಂತಿರುಗಬಹುದು. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದಿಂದ ಷ್ಕೋಫ್ಯಾ ಲೋಕಾ ಎಂಬ ಹಳೆಯ ಪಟ್ಟಣಕ್ಕೆ ಅರ್ಧ ಗಂಟೆಯೂ ಬೇಡ, ಟಿಕೆಟ್ ಕೆಲವೇ ಯೂರೊ. ಮೈಸೂರಿನಿಂದ ನಂಜನಗೂಡಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬಂದಷ್ಟು ಸಲೀಸಾದ ಇಂಥ ಓಡಾಟಕ್ಕೆ 55 ಯೂರೊ ಬೆಲೆಯ ಒಂದು ದಿನವನ್ನು ಕಳೆಯುವುದರಲ್ಲಿ ಅರ್ಥವಿಲ್ಲ.

ಬವೇರಿಯಾದಲ್ಲಿ ಇದಕ್ಕೆಂದೇ ಬಯರ್ನ್ ಟಿಕೆಟ್ ಎಂಬ ಒಂದು ದಿನದ ಟಿಕೆಟ್ ಇದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ, ಶನಿವಾರ ಭಾನುವಾರ ನಡುರಾತ್ರಿಯಿಂದಲೇ, ಆ ರಾಜ್ಯದ ಎಲ್ಲ ಪ್ರಾದೇಶಿಕ ರೈಲುಗಳಲ್ಲಿ ಇದು ನಡೆಯುತ್ತದೆ. ಗಡಿಯಾಚೆಯ ಸಾಲ್ಸ್‌ಬರ್ಗ್‌ವರೆಗೂ ಹೋಗಬಹುದು. ಐಸಿಇ, ಐಸಿಯಂಥ ದೂರದ ವೇಗದ ರೈಲುಗಳಿಗೆ ಮಾತ್ರ ಇದು ಸಲ್ಲದು. ಐದು ಜನರವರೆಗೆ ಸೇರಿ ಕೊಂಡರೆ ತಲೆಗೆ ಬೀಳುವ ಖರ್ಚು ಬಹಳ ಕಡಿಮೆಯಾಗುತ್ತದೆ, ಒಬ್ಬರಿಗೇ ಆದರೆ ಆ ಲಾಭ ಸಿಗುವುದಿಲ್ಲ. ಆದರೂ ದಿನಕ್ಕೆ ಎರಡು ಮೂರು ಊರು ನೋಡುವವರಿಗೆ ಒಂಟಿ ಟಿಕೆಟ್ ಕೂಡ ಪಾಸಿನ ದಿನಕ್ಕಿಂತ ಅಗ್ಗವೇ.

ಹಾಗಾದರೆ ಪಾಸ್ ಎಲ್ಲಿ ಗಿಟ್ಟುತ್ತದೆ? ದೂರದ ದಿನಗಳಲ್ಲಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿಯೇ ದೂರದ ರೈಲುಗಳ ನಿಲ್ದಾಣವಿದೆ. ವಿಮಾನ ಯಾವಾಗ ಇಳಿಯುತ್ತದೋ, ಇಮಿಗ್ರೇಷನ್ ಸಾಲು ಎಷ್ಟು ಉದ್ದವಿರುತ್ತದೋ ಹೇಳಲಾಗದ ದಿನ ಅಲ್ಲಿಂದ ಬವೇರಿಯಾದ ರೇಗನ್ಸ್‌ಬುರ್ಗಿಗೆ ಮುಂಚಿತವಾಗಿ ಒಂದೇ ರೈಲಿಗೆ ಅಂಟಿಕೊಂಡ ಅಗ್ಗದ ಟಿಕೆಟ್ ಕೊಳ್ಳುವುದು ಅಪಾಯ, ಸ್ಥಳದಲ್ಲಿಯೇ ಪೂರ್ತಿ ಬೆಲೆಗೆ ಕೊಳ್ಳುವುದು ದುಬಾರಿ. ಆಸ್ಟ್ರಿಯಾದ ಲಿಂಟ್ಸ್‌ನಿಂದ ಸಾಲ್ಸ್‌ಬರ್ಗ್, ಫಿಲಾಖ್ ಮಾರ್ಗವಾಗಿ ಆಲ್ಪ್ಸ್ ಹಾಯ್ದು, ಕರಾವಾಂಕೆನ್ ಸುರಂಗ ದಾಟಿ ಲ್ಯುಬ್ಲಿಯಾನಾ ಸೇರುವ ದಿನವೂ ಅಂಥದ್ದೇ. ಲ್ಯುಬ್ಲಿಯಾನಾದಿಂದ ವಿಯೆನ್ನಾಕ್ಕೆ ಆರು ಗಂಟೆಯ ಹಾದಿ. 1854ರಲ್ಲಿ ಪೂರ್ಣಗೊಂಡ, ಯುನೆಸ್ಕೊ ಪಟ್ಟಿಯಲ್ಲಿರುವ ಸೆಮ್ಮರಿಂಗ್ ಬೆಟ್ಟದ ರೈಲುಮಾರ್ಗ ಈ ದಾರಿಯಲ್ಲಿಯೇ ಸಿಗುತ್ತದೆ. ಎರಡಂತಸ್ತಿನ ಕಮಾನು ಸೇತುವೆಗಳ ಮೇಲೆ ರೈಲು ಬಳುಕಿ ಬಳುಕಿ ಏರುವಾಗ ತಿರುವಿನಲ್ಲಿ ನಮ್ಮದೇ ರೈಲಿನ ಮುಂದಿನ ಬೋಗಿಗಳು ಕಿಟಕಿಯಲ್ಲಿ ಕಾಣುತ್ತವೆ.

ಒಂಟಿ ಪ್ರಯಾಣಿಕರಿಗೆ ಪಾಸ್ ಕೊಡುವ ದೊಡ್ಡ ಅನುಕೂಲವನ್ನು ರೇಗನ್ಸ್‌ಬುರ್ಗಿನಿಂದ ಲಿಂಟ್ಸ್‌ಗೆ ಹೊರಟ ದಿನ ಕಂಡೆ. ನಡುವೆ ಸಿಗುವ ಪಸ್ಸೌ ಡ್ಯಾನ್ಯೂಬ್, ಇನ್ ಮತ್ತು ಇಲ್ಸ್ ಎಂಬ ಮೂರು ನದಿಗಳು ಕೂಡುವ ಊರು. ಯಾರನ್ನೂ ಕೇಳಬೇಕಿಲ್ಲ, ಟಿಕೆಟ್ ಹಾಳಾಗುವುದಿಲ್ಲ, ಇಳಿದೆ. ಬ್ಯಾಗನ್ನು ನಿಲ್ದಾಣದ ಲಾಕರ್‌ನಲ್ಲಿಟ್ಟು, ಎರಡು ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡ ಹಳೆಯ ಪೇಟೆಯಲ್ಲಿ ತುದಿಯವರೆಗೆ ನಡೆದೆ. ಆಲ್ಪ್ಸ್‌ನಿಂದ ಬರುವ ಇನ್ ನದಿಯ ನೀರು ಮಾಸಲು ಹಸಿರು, ಜೌಗು ನೆಲದಿಂದ ಬರುವ ಇಲ್ಸ್ ಕಪ್ಪು. ಕೂಡಿದ ಮೇಲೂ ಸ್ವಲ್ಪ ದೂರ ಬಣ್ಣಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ಪುರಭವನದ ಗೋಡೆಯ ಮೇಲೆ ಪ್ರವಾಹಗಳ ಗುರುತು ಹಾಕಿ ಇಸವಿ ಬರೆದಿದ್ದಾರೆ. 2013ರ ನೆರೆ 1501ರ ನಂತರ ಆ ಊರು ಕಂಡ ಅತಿ ದೊಡ್ಡದು, ಅದರ ಗೆರೆ ನನ್ನ ತಲೆಯಿಂದ ಎಷ್ಟೋ ಮೇಲಿತ್ತು. ಸಂಜೆಯ ರೈಲಿಗೆ ಲಿಂಟ್ಸ್ ಸೇರಿದೆ, ಬೇರೆ ಖರ್ಚಿಲ್ಲ. ಯಾವ ಪ್ರವಾಸ ಪಟ್ಟಿಯಲ್ಲಿಯೂ ನಾನು ಬರೆದುಕೊಂಡಿರದ ಈ ಊರೇ ನನಗೆ ಎಲ್ಲಕ್ಕಿಂತ ಹಿಡಿಸಿತು, ಅದನ್ನು ಕೊಟ್ಟದ್ದು ಪಾಸ್.

ಇನ್ನೊಂದು ಲಾಭ ರೈಲು ತಡವಾದಾಗಿನದು. ಜರ್ಮನಿಯ ರೈಲುಗಳ ಸಮಯಪಾಲನೆಯ ಖ್ಯಾತಿ ಈಗ ಉಳಿದಿಲ್ಲ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇ. 62.5 ಮಾತ್ರ. ಮುಂದಿನ ರೈಲು ತಪ್ಪಿದರೆ ಪಾಸ್ ಇರುವವರು ಕೌಂಟರಿನ ಸಾಲಿನಲ್ಲಿ ನಿಲ್ಲಬೇಕಿಲ್ಲ, ಆ ನಂತರದ್ದನ್ನು ಹತ್ತಿದರೆ ಆಯಿತು. ಭಾಷೆ ಬಾರದ ಊರಿನಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಒಬ್ಬಳೇ ಇರುವ ಹೆಣ್ಣುಮಗಳಿಗೆ ಈ ನೆಮ್ಮದಿಯ ಬೆಲೆ ಸಣ್ಣದಲ್ಲ.

ಕೊರತೆಗಳನ್ನೂ ಸ್ಪಷ್ಟವಾಗಿ ಹೇಳಬೇಕು. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಪ್ರತಿ ಸಲವೂ ಬೇರೆ ಹಣ ಕೊಡಬೇಕು, ಅದು ಹತ್ತು ಯೂರೊ ಮೀರುವುದೂ ಉಂಟು. ಮನಸ್ಸು ಬಂದಲ್ಲಿ ಇಳಿಯುವ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಇಟಲಿಯ ಫೆರಾರಾ, ಮಾಂತೊವಾ, ಲುಕ್ಕಾಗಳಂಥ ಊರುಗಳಿಗೆ ಅಗ್ಗದ ಪ್ರಾದೇಶಿಕ ರೈಲುಗಳಿದ್ದು, ಹೊರಡುವ ದಿನ ಕೊಂಡರೂ ದರ ಏರುವುದಿಲ್ಲ. ಅಲ್ಲಿಗೆ ಪಾಸ್ ಬೇಡವೇ ಬೇಡ. ಜೆಕ್ ದೇಶದಲ್ಲಿಯೂ ಅಷ್ಟೆ: ಪ್ರಾಗ್‌ನಿಂದ ಸುಮಾರು 250 ಕಿ.ಮೀ. ದೂರದ ಒಲೊಮೌಟ್ಸ್‌ಗೆ ಹಲವು ಕಂಪನಿಗಳು ಪೈಪೋಟಿಯಲ್ಲಿ ರೈಲು ಓಡಿಸುವುದರಿಂದ ದರ ಕೈಗೆಟುಕುವಂತಿದೆ. ಊರೊಳಗಿನ ಟ್ರಾಮ್, ಮೆಟ್ರೊ, ಬಸ್ಸುಗಳಿಗೆ ಪಾಸ್ ಸಲ್ಲುವುದಿಲ್ಲ. ಫ್ಲಿಕ್ಸ್‌ಟ್ರೇನ್, ಫ್ಲಿಕ್ಸ್‌ಬಸ್ ಎಂಬ ಖಾಸಗಿ ರೈಲು, ಬಸ್ಸುಗಳಲ್ಲಿಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಎರಡು ತಿಂಗಳು ಮೊದಲೇ ದಿನಾಂಕ, ರೈಲು ಎಲ್ಲವನ್ನೂ ಖಚಿತ ಮಾಡಿಕೊಳ್ಳಬಲ್ಲವರಿಗೆ ಮುಂಗಡ ರಿಯಾಯಿತಿ ಟಿಕೆಟ್‌ಗಳು ಪಾಸಿಗಿಂತ ಅಗ್ಗವಾಗುತ್ತವೆ. ಹಣ ಉಳಿಸುವುದೊಂದೇ ಗುರಿಯಾಗಿದ್ದರೆ ಆ ದಾರಿಯೇ ಸರಿ. ದಿನಗಳನ್ನು ಬಿಚ್ಚಿಟ್ಟುಕೊಂಡು ಹೋಗುವವರಿಗೆ ಪಾಸ್.

ಮೈಸೂರಿನಿಂದ ಕೊಳ್ಳುವುದು ಕಷ್ಟವಲ್ಲ. ಅಂತರರಾಷ್ಟ್ರೀಯ ಪಾವತಿಗೆ ಅನುಮತಿಯಿರುವ ಕಾರ್ಡ್ ಸಾಕು, ಕೊರಿಯರ್‌ಗೆ ಕಾಯಬೇಕಿಲ್ಲ. ಕೊಂಡ ಮೇಲೆ ಬಳಕೆ ಶುರುಮಾಡಲು 11 ತಿಂಗಳ ಅವಕಾಶವಿರುವುದರಿಂದ ರಿಯಾಯಿತಿ ಮಾರಾಟದ ಸಮಯಕ್ಕೆ ಕಾಯಬಹುದು. ಆದರೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಯೂರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಕೈಗೆ ಬಂದ ಮೇಲೆಯೇ ಕೊಳ್ಳುವುದು ಒಳ್ಳೆಯದು. 2024ರ ಜೂನ್‌ನಿಂದ 90 ಯೂರೊ ಆಗಿರುವ ವೀಸಾ ಶುಲ್ಕವೇ ಅರ್ಜಿ ತಿರಸ್ಕೃತವಾದರೆ ಹಿಂದಿರುಗುವುದಿಲ್ಲ, ಅದರ ಜೊತೆಗೆ ಪಾಸಿನ ಹಣವನ್ನೂ ಸಿಕ್ಕಿಸಿಕೊಳ್ಳುವುದು ಬೇಡ. ಮೊದಲು ಕಾಗದದ ಮೇಲೆ ಊರುಗಳನ್ನು ಬರೆದು, ಮೂರು ಗಂಟೆಗಿಂತ ಹೆಚ್ಚು ರೈಲಿನಲ್ಲಿ ಕೂರುವ ದಿನಗಳು ಎಷ್ಟಿವೆಯೆಂದು ಎಣಿಸಿ. ನಾನು ಮೇಲೆ ಹೇಳಿದ ಹಾದಿಯಲ್ಲಿ ಅಂಥವು, ಪಸ್ಸೌನಲ್ಲಿ ಇಳಿದ ದಿನವನ್ನೂ ಸೇರಿಸಿಕೊಂಡರೆ, ನಾಲ್ಕೇ. ಅದಕ್ಕೆ 4 ದಿನದ ಎರಡನೇ ದರ್ಜೆಯ ಪಾಸ್ ಸಾಕು, ಉಳಿದದ್ದಕ್ಕೆ ಆಯಾ ನಿಲ್ದಾಣದಲ್ಲಿಯೇ ಟಿಕೆಟ್ ಕೊಳ್ಳಬಹುದು.