ಬ್ಯಾಟರಿ ಮೇಲೆ ಎಸ್‌ಡಿಆರ್: ಪೈ 4, ಪೈ ಝೀರೋ, ಇಲ್ಲಾ ಸಿಸಿ1101?

ತೋಟದ ಶೆಡ್ಡಿಗೆ ಕರೆಂಟ್ ಇಲ್ಲ. ಇರೋದು 12 ವೋಲ್ಟ್, 7 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, ಜೊತೆಗೊಂದು ಸಣ್ಣ ಸೋಲಾರ್ ಪ್ಯಾನೆಲ್. ಲೆಕ್ಕಕ್ಕೆ 84 ವ್ಯಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧದಷ್ಟು ಮಾತ್ರ ಬಳಸಬೇಕು. ಇಷ್ಟರಲ್ಲೇ 433.92 ಮೆಗಾಹರ್ಟ್ಸ್‌ನ ಉಷ್ಣಾಂಶ, ತೇವಾಂಶದ ಸೆನ್ಸರ್‌ಗಳ ಸಿಗ್ನಲ್ ಹಗಲೂ ರಾತ್ರಿ ಹಿಡಿಯಬೇಕಿತ್ತು. ಎಸ್‌ಡಿಆರ್ ಅಂದರೆ ಸಿಗ್ನಲ್ ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಸಾಫ್ಟ್‌ವೇರೇ ಮಾಡುವ ರೇಡಿಯೋ. ಅದೂ ಸೇರಿ ಮೂರು ಬಗೆಯಲ್ಲಿ ಮಾಡಿ ನೋಡಿದೆ.

ಮೊದಲನೆಯದು ಎಲ್ಲರೂ ಹೇಳೋದೇ: ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಅದರ ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಒಳಗೆ ಸೆನ್ಸರ್ ಸಿಗ್ನಲ್ ಡಿಕೋಡ್ ಮಾಡುವ ಆರ್‌ಟಿಎಲ್_433 ಸಾಫ್ಟ್‌ವೇರ್. ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಎರಡೂ ಸೇರಿ ಸುಮಾರು 5 ವ್ಯಾಟ್, ಅಂದರೆ ದಿನಕ್ಕೆ 120 ವ್ಯಾಟ್-ಅವರ್. ಮಳೆಗಾಲದಲ್ಲಿ ಇದು ನಡೆಯೋ ಮಾತಲ್ಲ.

ಪೈ 4 ತೆಗೆದು ಅದರ ಚಿಕ್ಕ ತಮ್ಮ ಪೈ ಝೀರೋ 2 ಡಬ್ಲ್ಯೂ ಹಾಕಿದಾಗ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು, 2.3 ವ್ಯಾಟ್ ಆಸುಪಾಸು. ಸೆಕೆಂಡಿಗೆ 2.5 ಲಕ್ಷ ಸ್ಯಾಂಪಲ್ (ಸಿಗ್ನಲ್ಲಿನ ಅಳತೆ) ಸಾಕು, ಪ್ರೊಸೆಸರ್ ಆರಾಮಾಗಿ ನಿಭಾಯಿಸುತ್ತದೆ. ಇಲ್ಲೇ ಒಂದು ಮಜಾ ಇದೆ. ಸ್ಯಾಂಪಲ್ ರೇಟ್ ಇಳಿಸಿದರೆ ಡಾಂಗಲ್ಲೂ ಕಡಿಮೆ ಕುಡಿಯುತ್ತೆ ಅಂತ ಅನ್ನಿಸುತ್ತೆ ಅಲ್ವಾ? ಇಲ್ಲ. ಯುಎಸ್‌ಬಿ ಮೀಟರ್ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು, 280 ಮಿಲಿಆಂಪ್ ಹತ್ತಿರ. ಡಾಂಗಲ್ಲಿನಲ್ಲಿರುವ ಆರ್‌ಟಿಎಲ್2832ಯು ಚಿಪ್ಪು ಒಳಗೆ ಯಾವಾಗಲೂ 28.8 ಮೆಗಾಹರ್ಟ್ಸ್‌ನಲ್ಲೇ ಸ್ಯಾಂಪಲ್ ಮಾಡುತ್ತದೆ, ಆಮೇಲೆ ಬೇಡದ್ದನ್ನು ಎಸೆಯುತ್ತದೆ. ನಾವು ಇಳಿಸೋದು ಕೇಬಲ್ಲಿನಲ್ಲಿ ಬರುವ ಡೇಟಾ ಮಾತ್ರ. ಹೀಗಾಗಿ ಡಾಂಗಲ್ ಒಂದೇ 1.4 ವ್ಯಾಟ್ ತಿನ್ನುತ್ತದೆ, ಮುಟ್ಟಿದರೆ ಬಿಸಿ.

ಸ್ಕ್ರಿಪ್ಟ್ ಬರೆದು ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ ಡಾಂಗಲ್ ತೆರೆದೂ ನೋಡಿದೆ. ಪ್ರೋಗ್ರಾಂ ಮುಚ್ಚಿದಾಗ ಟ್ಯೂನರ್ ಮಲಗುತ್ತದೆ, ಡಾಂಗಲ್ ತಣ್ಣಗಾಗುತ್ತದೆ. ಉಷ್ಣಾಂಶಕ್ಕೆ ಇಷ್ಟು ಧಾರಾಳ ಸಾಕು. ಬಾಗಿಲಿನ ಸೆನ್ಸರ್‌ಗೆ ಇದು ದಂಡ, ಅದು ಬಾಗಿಲು ತೆಗೆದ ಗಳಿಗೆಯಲ್ಲಿ ಮಾತ್ರ ಕೂಗುತ್ತದೆ.

ಮೂರನೆಯದು ವೈಫೈ ಇರುವ ಸಣ್ಣ ಮೈಕ್ರೋಕಂಟ್ರೋಲರ್ ಇಎಸ್‌ಪಿ32, ಜೊತೆಗೆ ಸಿಸಿ1101 ಅನ್ನೋ ರೇಡಿಯೋ ಚಿಪ್ಪು. ಖಡಕ್ಕಾಗಿ ಹೇಳಿದರೆ ಇದು ಎಸ್‌ಡಿಆರ್ ಅಲ್ಲ. ಸಿಗ್ನಲ್ ಬಿಡಿಸುವ ಕೆಲಸ ಚಿಪ್ಪಿನದೇ, ಇಎಸ್‌ಪಿ32 ಪಿನ್ನಿನ ಮೇಲೆ ಬರುವ ಏರಿಳಿತದ ಅಳತೆ ತೆಗೆದುಕೊಂಡು ಡಿಕೋಡ್ ಮಾಡುತ್ತದೆ, ಅಷ್ಟೇ. ಸಿಸಿ1101 ರಿಸೀವ್ ಮಾಡಲು ಸುಮಾರು 16 ಮಿಲಿಆಂಪ್ ಸಾಕು! ವೈಫೈ ಆಗಾಗ ಮಾತ್ರ ಆನ್ ಮಾಡಿದರೆ ಇಡೀ ಬೋರ್ಡು 5 ವೋಲ್ಟ್‌ನಲ್ಲಿ 70 ಮಿಲಿಆಂಪ್ ಆಸುಪಾಸು. ದಿನಕ್ಕೆ ಎಂಟೊಂಬತ್ತು ವ್ಯಾಟ್-ಅವರ್. ಮೋಡ ಕವಿದ ನಾಲ್ಕು ದಿನ ಧೈರ್ಯವಾಗಿ ದಾಟಬಹುದು.

ಕಷ್ಟವೂ ಇದೆ. ಅಗ್ಗದ ಸೆನ್ಸರ್‌ಗಳು ಹೇಳಿದ ಫ್ರೀಕ್ವೆನ್ಸಿಯಲ್ಲಿ ನಿಲ್ಲೋದಿಲ್ಲ, ಅತ್ತಿತ್ತ ಸರಿಯುತ್ತವೆ. ಡಾಂಗಲ್ ಆದರೆ ಸ್ಕ್ರೀನಿನ ಮೇಲೆ ಅದು ಕಣ್ಣಿಗೇ ಕಾಣುತ್ತೆ. ಇಲ್ಲಿ ಕತ್ತಲಲ್ಲಿ ತಡಕಾಡಬೇಕು. ಬ್ಯಾಂಡ್‌ವಿಡ್ತ್, ಅಂದರೆ ಒಮ್ಮೆಗೆ ಕೇಳಿಸಿಕೊಳ್ಳುವ ಫ್ರೀಕ್ವೆನ್ಸಿಯ ಹರವು, ಅಗಲ ಮಾಡಿದರೆ ಗದ್ದಲ ಜಾಸ್ತಿ, ಕಿರಿದು ಮಾಡಿದರೆ ಸೆನ್ಸರ್ರೇ ಮಾಯ. ಆರ್‌ಟಿಎಲ್_433ಗೆ ಇನ್ನೂರಕ್ಕೂ ಹೆಚ್ಚು ಬಗೆಯ ಸಾಧನಗಳ ಗುರುತಿದೆ, ಇಎಸ್‌ಪಿ32ರಲ್ಲಿ ಅಷ್ಟೆಲ್ಲ ಹಿಡಿಸೋದಿಲ್ಲ.

ಆದರೂ ಶೆಡ್ಡಿನಲ್ಲಿ ಉಳಿದದ್ದು ಇದೇ. ಹೊಸ ಸೆನ್ಸರ್ ತಂದಾಗ ಮನೆಯಲ್ಲಿ ಲ್ಯಾಪ್‌ಟಾಪಿಗೆ ಡಾಂಗಲ್ ಚುಚ್ಚಿ ಅದರ ಜಾತಕ ನೋಡಿಕೊಂಡು, ಆ ಒಂದು ಡಿಕೋಡರ್ ಮಾತ್ರ ಇಎಸ್‌ಪಿ32ಗೆ ಹಾಕುತ್ತೇನೆ. ವಿಮಾನಗಳ 1090 ಮೆಗಾಹರ್ಟ್ಸ್ ಹಿಡಿಯೋ ಆಸೆ ಇದ್ದರೆ ಈ ದಾರಿ ಬೇಡ, ಸಿಸಿ1101 ಓಟ 928ಕ್ಕೇ ಮುಗಿಯುತ್ತದೆ. ಆಗ ಪೈ ಝೀರೋ, ಡಾಂಗಲ್ಲೇ ಗತಿ, ಜೊತೆಗೆ ಸುಮ್ನೆ ಒಂದು ದೊಡ್ಡ ಬ್ಯಾಟರಿ ತಂದುಬಿಡಿ.