ಶಿವಾಜಿನಗರದ ಅನುವಾದ ಕಚೇರಿ: ಗೇಣಿದಾರನ ಮತ ಬಿಟ್ಟುಹೋದ ಕರಡು

ಪುಣೆಯ ಶಿವಾಜಿನಗರದಲ್ಲಿ ನ್ಯಾಯಾಲಯದ ಸಮೀಪವಿರುವ ಒಂದು ಸಣ್ಣ ಅನುವಾದ ಕಚೇರಿಗೆ ಕಳೆದ ತಿಂಗಳು ಹದಿನಾಲ್ಕು ಪುಟಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಕೊಟ್ಟಿದ್ದೆ. ವಿಜಯಪುರದ ಕಡೆ ಜಮೀನಿರುವ ನಾವು ಕೆಲವು ಗೆಳೆಯರು, ಅಮೆರಿಕದ ರೈತರು ಮತ ಹಾಕಿ ಕಟ್ಟಿಕೊಂಡ ಮಣ್ಣು ಸಂರಕ್ಷಣಾ ವಲಯವನ್ನು (ಮಣ್ಣಿನ ಸವಕಳಿ ತಡೆಯುವ ಸ್ಥಳೀಯ ಸಂಸ್ಥೆಯನ್ನು) ಮತ ಹಾಕಿಯೇ ಮುಚ್ಚುವ ಕ್ರಮವನ್ನು ಓದಿ ಚರ್ಚಿಸಬೇಕೆಂದಿದ್ದೆವು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಾಜ್ಯಗಳ ಗವರ್ನರುಗಳಿಗೆ ಕಳುಹಿಸಿದ ಮಾದರಿ ಕಾನೂನಿನಲ್ಲಿ ಆ ಕ್ರಮವಿದೆ. ರಾಜ್ಯಗಳು ಅದನ್ನು ತಮಗೆ ಬೇಕಾದಂತೆ ಬದಲಿಸಿಕೊಂಡವು.

ಮೊದಲ ಕರಡು ನಿರಾಸೆ ತಂದಿತು. ‘ಡಿಸ್ಟ್ರಿಕ್ಟ್’ ಎಂಬುದು ‘ಜಿಲ್ಲೆ’ಯಾಗಿ, ಆಡಳಿತ ಜಿಲ್ಲೆಯನ್ನೇ ರದ್ದು ಮಾಡುವ ಅರ್ಥ ಬಂದಿತ್ತು. ಮಣ್ಣು ಸಂರಕ್ಷಣೆಗೆ ಮರಾಠಿಯ ‘ಮೃದಸಂಧಾರಣ’ ಪದವೇ ಉಳಿದಿತ್ತು. ಪುಣೆಯಲ್ಲಿ ಬೆಳೆದ ಕನ್ನಡಿಗರ ಕೈಯಲ್ಲಿ ಇದು ಸಹಜವೇ. ಆದರೆ ವಲಯ ಮುಚ್ಚಲು ಅರ್ಜಿ ಹಾಕುವವರನ್ನು ‘ಭೂಮಾಲೀಕರು’ ಎಂದು ಬರೆದದ್ದು ಸಣ್ಣ ತಪ್ಪಲ್ಲ. ಮಾದರಿ ಕಾನೂನಿನ ಪ್ರಕಾರ ಜಮೀನು ಯಾರ ಸ್ವಾಧೀನದಲ್ಲಿದೆಯೋ ಅವರು, ಅಂದರೆ ಒಡೆಯರಷ್ಟೇ ಅಲ್ಲದೆ ಗೇಣಿದಾರರೂ, ಅರ್ಜಿಗೆ ಸಹಿ ಹಾಕಬಹುದು, ಮತವನ್ನೂ ಚಲಾಯಿಸಬಹುದು. ಗೇಣಿದಾರನ ಹಕ್ಕಿಗಾಗಿ ನಡೆದ ಹೋರಾಟವನ್ನು ಬಲ್ಲ ಕನ್ನಡ ಓದುಗರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಕಾಲಾವಧಿಯಲ್ಲೂ ಗೊಂದಲವಿತ್ತು. ವಲಯ ರಚನೆಯಾಗಿ ಐದು ವರ್ಷ ಕಳೆದ ಮೇಲಷ್ಟೇ ಇಂಥ 25 ಮಂದಿ ಸ್ವಾಧೀನದಾರರು ವಿಸರ್ಜನೆಗೆ ಅರ್ಜಿ ಕೊಡಬಹುದು ಎಂಬುದು ಒಂದು ನಿಯಮ; ಐದು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಅಂಥ ಅರ್ಜಿಯನ್ನು ಪರಿಗಣಿಸಬಾರದು ಎಂಬುದು ಇನ್ನೊಂದು. ಕರಡಿನಲ್ಲಿ ಎರಡೂ ಒಂದೇ ಆಗಿದ್ದವು. ಅರ್ಜಿ ಬಂದ 60 ದಿನಗಳೊಳಗೆ ರಾಜ್ಯದ ಮಣ್ಣು ಸಂರಕ್ಷಣಾ ಸಮಿತಿ ಮತದಾನದ ಪ್ರಕಟಣೆ ಹೊರಡಿಸಬೇಕೆಂಬುದು ಮಾತ್ರ ಸರಿಯಾಗಿತ್ತು. ಚಲಾವಣೆಯಾದ ಮತಗಳಲ್ಲಿ ಬಹುಮತ ವಲಯ ಮುಂದುವರಿಯಬೇಕೆಂದು ಹೇಳದಿದ್ದರೆ ಸಮಿತಿಗೆ ಅದನ್ನು ಉಳಿಸುವ ಅಧಿಕಾರವಿಲ್ಲ. ವಿಸರ್ಜನೆಯಾದರೆ ವಲಯದ ಆಸ್ತಿಯನ್ನು ಬಹಿರಂಗ ಹರಾಜಿನಲ್ಲಿ ಮಾರಿ ಹಣವನ್ನು ರಾಜ್ಯದ ಖಜಾನೆಗೆ ಕಟ್ಟಬೇಕು. ರೈತರೊಂದಿಗಿನ ಒಪ್ಪಂದಗಳು ಮಾತ್ರ ಸಾಯುವುದಿಲ್ಲ, ವಲಯದ ಸ್ಥಾನದಲ್ಲಿ ರಾಜ್ಯ ಸಮಿತಿ ನಿಲ್ಲುತ್ತದೆ. ಈ ಕೊನೆಯ ಭಾಗದ ಅನುವಾದ ನಿಜಕ್ಕೂ ಸೊಗಸಾಗಿತ್ತು.

ತಪ್ಪುಗಳನ್ನು ತೋರಿಸಿದಾಗ ಅನುವಾದಕಿ ವಾದಕ್ಕಿಳಿಯದೆ ಮೂಲವನ್ನು ನನ್ನೆದುರೇ ಓದಿ, ಎರಡು ದಿನಗಳಲ್ಲಿ, ಹೆಚ್ಚುವರಿ ಹಣ ಕೇಳದೆ ತಿದ್ದಿಕೊಟ್ಟರು. ಪುಟಕ್ಕೆ 300 ರೂಪಾಯಿ ದುಬಾರಿಯಲ್ಲ. ಕಾನೂನಿನ ಕೆಲಸ ಕೊಡುವವರು ವ್ಯಾಖ್ಯೆಗಳ ಭಾಗವನ್ನೂ ಜೊತೆಗೆ ಕೊಡಬೇಕು. ‘ಸ್ವಾಧೀನದಾರ’ ಯಾರೆಂಬುದು ಅಲ್ಲಿತ್ತು, ನಾನು ಆ ಪುಟಗಳನ್ನು ಕೊಟ್ಟಿರಲಿಲ್ಲ. ಈಗ ಅವನ್ನೂ ಅದೇ ಕಚೇರಿಗೆ ಒಪ್ಪಿಸಿದ್ದೇನೆ.