ಫೋಟೋ ಆರಿಸಿಕೊಡುವ ಎಐ ಸಾಫ್ಟ್‌ವೇರ್: ಮದುವೆ ಸೀಸನ್‌ಗಳಲ್ಲಿ ಬಳಸಿ ನೋಡಿದ ಮೇಲೆ

ಕಣ್ಣು ಮುಚ್ಚಿದ್ದರೆ ಅದು ಕೆಟ್ಟ ಫೋಟೋ. ಈ ಸಾಫ್ಟ್‌ವೇರ್ ತಲೆಗೆ ಯಾರೋ ಇದೊಂದನ್ನು ಚೆನ್ನಾಗಿ ತುಂಬಿ ಕಳಿಸಿದ್ದಾರೆ.

ನಮ್ಮ ಕಡೆ ಮದುವೆ ಫೋಟೋ ತೆಗೆಯುವವರಿಗೆ ಇದರಿಂದ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತಾಳಿ ಕಟ್ಟುವಾಗ ಹುಡುಗಿ ತಲೆ ತಗ್ಗಿಸಿ ಕಣ್ಣು ಮುಚ್ಚಿರುತ್ತಾಳೆ. ಅದೇ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ, ಹುಡುಗನೂ ಕಣ್ಣು ಕಿರಿದು ಮಾಡುತ್ತಾನೆ. ಧಾರೆ ಎರೆಯುವಾಗ ಹುಡುಗಿಯ ಅಪ್ಪ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿರುತ್ತಾರೆ, ಇಲ್ಲಾ ಅಳು ತಡೆಯುತ್ತಿರುತ್ತಾರೆ. ಹೋಮದ ಹೊಗೆ ಎದ್ದರಂತೂ ಪುರೋಹಿತರನ್ನು ಬಿಟ್ಟು ಮಿಕ್ಕ ಯಾರ ಕಣ್ಣೂ ತೆರೆದಿರಲ್ಲ. ಇವೆಲ್ಲ ಈ ಸಾಫ್ಟ್‌ವೇರ್ ಲೆಕ್ಕದಲ್ಲಿ ರಿಜೆಕ್ಟ್. ಕೆಂಪು ಗುರುತು ಹಾಕಿ ಪಕ್ಕಕ್ಕೆ ತಳ್ಳುತ್ತದೆ. ಉಳಿಸಿಕೊಳ್ಳುವುದು ಯಾವುದನ್ನು? ತಾಳಿ ಕಟ್ಟಿ ಆದ ಮೇಲೆ ಹುಡುಗ ಪಂಚೆ ಸರಿಮಾಡಿಕೊಳ್ಳುತ್ತಾ ಕ್ಯಾಮೆರಾ ನೋಡಿದ್ದನ್ನು. ಅದರಲ್ಲಿ ಎಲ್ಲರ ಕಣ್ಣೂ ಚೆನ್ನಾಗಿ ತೆರೆದಿರುತ್ತದೆ, ನಿಜ.

ಸಾಫ್ಟ್‌ವೇರ್ ಹೆಸರು ಬೇಕು ಅಂತಲೇ ಹಾಕುತ್ತಿಲ್ಲ. ಈ ಥರದ್ದು ಈಗ ಹಲವು ಬಂದಿವೆ. ಗೆಳೆಯರು ಬೇರೆ ಬೇರೆಯದು ಬಳಸುತ್ತಾರೆ, ಸೇರಿದಾಗ ಎಲ್ಲರ ಗೊಣಗಾಟವೂ ಹೆಚ್ಚುಕಡಿಮೆ ಒಂದೇ. ಏನೇನು ಫೀಚರ್ ಇದೆ, ಎಷ್ಟು ವೇಗ ಅನ್ನುವುದೆಲ್ಲ ಕಂಪನಿಗಳ ಜಾಹೀರಾತಿನಲ್ಲೇ ಸಿಗುತ್ತದೆ. ನನ್ನ ಸ್ಟುಡಿಯೋ ಇರುವುದು ಹಾಸನದಲ್ಲಿ. ನಾನು, ಇನ್ನೊಬ್ಬ ಫೋಟೋಗ್ರಾಫರ್, ವಿಡಿಯೋಗೆ ಇಬ್ಬರು ಹುಡುಗರು, ಲೈಟ್ ಹಿಡಿಯೋಕೆ ಒಬ್ಬ. ಇಷ್ಟೇ ಟೀಮು. ದೊಡ್ಡ ಟೀಮ್ ಇರುವವರಿಗೆ ನನ್ನ ಮಾತು ಅಷ್ಟು ಹೊಂದದೇ ಇರಬಹುದು.

ಇದನ್ನು ತಗೊಂಡಿದ್ದು 2024ರ ಕಾರ್ತೀಕದಲ್ಲಿ. ಆ ವರ್ಷದ ಸೀಸನ್ ಈ ಕಸುಬಿನಲ್ಲಿ ಇರುವವರಿಗೆ ನೆನಪಿರುತ್ತದೆ. ಗುರು, ಶುಕ್ರ ಎರಡೂ ಅಸ್ತ ಅಂತ ಮೇ, ಜೂನ್‌ನಲ್ಲಿ ಮುಹೂರ್ತವೇ ಇಲ್ಲದಂತಾಗಿತ್ತು. ಮುಹೂರ್ತ ಕಡಿಮೆಯಾದರೆ ಮದುವೆ ಕಡಿಮೆಯಾಗಲ್ಲ, ಇರುವ ದಿನಗಳಲ್ಲೇ ಒತ್ತೊತ್ತಾಗಿ ಬಂದು ಕೂರುತ್ತವೆ. ಧನುರ್ಮಾಸ ಇಲ್ಲ, ಆಷಾಢ ಇಲ್ಲ, ಪಿತೃಪಕ್ಷ ಇಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅದೂ ಇಲ್ಲ. ಮಿಕ್ಕ ದಿನಗಳಲ್ಲಿ ಇವತ್ತು ಸಂಜೆ ಅರಸೀಕೆರೆಯಲ್ಲಿ ರಿಸೆಪ್ಷನ್, ನಾಳೆ ಬೆಳಿಗ್ಗೆ ಅಲ್ಲೇ ಮುಹೂರ್ತ, ನಾಳೆ ಸಂಜೆ ಚನ್ನರಾಯಪಟ್ಟಣದಲ್ಲಿ ಇನ್ನೊಬ್ಬರ ರಿಸೆಪ್ಷನ್.

ಶೂಟಿಂಗ್‌ನಿಂದ ಅಷ್ಟು ಸುಸ್ತಾಗಲ್ಲ. ಓಡಾಟ, ಜನ, ನಗು ಇರುತ್ತದೆ, ಊಟವೂ ಸಿಗುತ್ತದೆ. ಕೊನೇ ಪಂಕ್ತಿಯಲ್ಲಿ, ಆರಿದ ಹೋಳಿಗೆ. ಪರವಾಗಿಲ್ಲ. ಜೀವ ಹಿಂಡುತ್ತಿದ್ದುದು ಆಮೇಲಿನ ಕೆಲಸ. ಇಬ್ಬರು ಫೋಟೋಗ್ರಾಫರ್ ಎರಡು ದಿನ ನಿಂತರೆ 5,000 ಫೋಟೋ ಏನೂ ಜಾಸ್ತಿ ಅಲ್ಲ. ಒಂದು ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬರುವ ಮೂಲ ಫೈಲ್, 30 ಎಂಬಿ ಅಂದುಕೊಂಡರೂ 150 ಜಿಬಿ ಆಯಿತು. ಅದರಲ್ಲಿ ಗ್ರಾಹಕರಿಗೆ ತೋರಿಸೋದು ಸಾವಿರದ ಆಸುಪಾಸು, ಆಲ್ಬಂಗೆ ಹೋಗೋದು ಇನ್ನೂರರೊಳಗೆ. ಉಳಿದದ್ದನ್ನು ಒಂದೊಂದೇ ನೋಡಿ ತೆಗೆಯಬೇಕು. ರಾತ್ರಿ ಎರಡರವರೆಗೆ ಆ್ಯರೋ ಕೀ ಒತ್ತುತ್ತಾ ಕೂತರೆ ಕತ್ತು ಹಿಡಿಯುತ್ತದೆ, ಕಣ್ಣು ಉರಿಯುತ್ತದೆ, ಕೊನೆಕೊನೆಗೆ ಯಾವ ಫೋಟೋ ಚೆನ್ನಾಗಿದೆ ಅನ್ನೋದೇ ಗೊತ್ತಾಗಲ್ಲ. ಸೀಸನ್ ಮುಗಿಯುವ ಹೊತ್ತಿಗೆ ಮಂಟಪದ ಸಾಂಬಾರಿನ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತಿತ್ತು. ಬರ್ನ್‌ಔಟ್ ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ನನ್ನ ಮಟ್ಟಿಗೆ ಅದು ಇದೇ.

ಹಾಗಾಗಿ ಮೊದಲು ಇದರ ಒಳ್ಳೆಯ ಗುಣ ಹೇಳಿಬಿಡುತ್ತೇನೆ. ರಿಸೆಪ್ಷನ್ ಸ್ಟೇಜ್ ಫೋಟೋ.

ಸ್ಟೇಜ್ ಮುಂದಿನ ಸಾಲು ನೀವು ನೋಡಿಯೇ ಇರುತ್ತೀರಿ. ಒಂದು ಮನೆಯವರು ಬರುತ್ತಾರೆ, ಕವರ್ ಕೊಡುತ್ತಾರೆ, ನಿಲ್ಲುತ್ತಾರೆ. ಮೂರು ಕ್ಲಿಕ್. ಒಂದರಲ್ಲಿ ಮಾವನ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಮಗು ಆಚೆ ನೋಡುತ್ತಿದೆ, ಮತ್ತೊಂದರಲ್ಲಿ ಮದುಮಗಳು ಮುಂದಿನವರನ್ನು ನೋಡಿ ನಗುತ್ತಿದ್ದಾಳೆ. ಹೀಗೇ ಮೂರು ಗಂಟೆ. ನನ್ನ ಒಟ್ಟು ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಈ ಸಾಫ್ಟ್‌ವೇರ್ ಒಂದೇ ಗುಂಪಿನ ಮೂರನ್ನೂ ಒಟ್ಟಿಗೆ ಇಡುತ್ತದೆ. ಪಕ್ಕದಲ್ಲಿ ಪ್ರತಿಯೊಬ್ಬರ ಮುಖವನ್ನೂ ದೊಡ್ಡದು ಮಾಡಿ ಸಾಲಾಗಿ ತೋರಿಸುತ್ತದೆ. ಎಲ್ಲರ ಕಣ್ಣು ತೆರೆದಿರುವ, ಮುಖ ಶಾರ್ಪ್ ಆಗಿರುವ ಒಂದಕ್ಕೆ ಸ್ಟಾರ್ ಕೊಡುತ್ತದೆ. ಫ್ಲ್ಯಾಶ್ ಹೊಡೆಯದೆ ಕಪ್ಪಾದ ಫೋಟೋಗಳನ್ನು ತಾನೇ ಬದಿಗಿಡುತ್ತದೆ. ಈ ಕೆಲಸದಲ್ಲಿ ಇದು ತಪ್ಪುವುದು ಅಪರೂಪ. ಅಲ್ಲಿ ಕಣ್ಣು ಮುಚ್ಚಿದ ಮಾವನನ್ನು ಕಸಕ್ಕೆ ಹಾಕಿದರೆ ಮಾವನೂ ಖುಷಿ, ನಾನೂ ಖುಷಿ.

ಇದರಿಂದ ನನ್ನ ರಾತ್ರಿಯೇ ಬದಲಾಯಿತು. ಮನೆಗೆ ಬಂದ ತಕ್ಷಣ ಶೂ ಬಿಚ್ಚುವ ಮೊದಲು ಮೆಮೊರಿ ಕಾರ್ಡ್ ಪೌಚ್ ತೆಗೆಯುತ್ತೇನೆ. ಖಾಲಿ ಕಾರ್ಡ್‌ಗಳ ಲೇಬಲ್ ಹೊರಗೆ, ತುಂಬಿದ ಕಾರ್ಡ್‌ಗಳ ಲೇಬಲ್ ಒಳಗೆ. ಈ ರೂಢಿ ಹುಡುಗರಿಗೂ ಕಲಿಸಿದ್ದೇನೆ, ಗಡಿಬಿಡಿಯಲ್ಲಿ ಯಾರೂ ತುಂಬಿದ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು ನೋಡಿ. ಕಾರ್ಡ್ ರೀಡರ್‌ಗೆ ಹಾಕಿ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಕೊಡುತ್ತೇನೆ. ಅಷ್ಟರಲ್ಲಿ ಬಿಸಿನೀರು ಸ್ನಾನ. ಕಾಪಿ ಮುಗಿದ ಮೇಲೆ ಒಂದು ಡಿಸ್ಕನ್ನು ಕೆಳಗಿನ ಮನೆಯಲ್ಲಿರುವ ಅಣ್ಣನ ಬೀರುವಿಗೆ ಕಳಿಸುತ್ತೇನೆ. ಆಮೇಲೆ ಸ್ಟೇಜ್ ಫೋಟೋಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಲೈಟ್ ಆರಿಸಿ ಮಲಗಿಬಿಡುತ್ತೇನೆ. ಇದು ನನ್ನ ಕಂಪ್ಯೂಟರಿನಲ್ಲೇ ಓಡುತ್ತದೆ, ಇಂಟರ್ನೆಟ್‌ಗೆ ಏನನ್ನೂ ಏರಿಸಬೇಕಾಗಿಲ್ಲ. 150 ಜಿಬಿ ಅಪ್‌ಲೋಡ್ ಮಾಡು ಅಂದಿದ್ದರೆ ನಮ್ಮ ಬೀದಿಯ ಕನೆಕ್ಷನ್ನಿಗೆ ಮುಂದಿನ ಮದುವೆ ಬಂದುಬಿಡುತ್ತಿತ್ತು. ಏಪ್ರಿಲ್ ಸಂಜೆ ಗುಡುಗು ಮಳೆಗೆ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ. ಫ್ಯಾನ್ ಮಾತ್ರ ಗಿರಣಿ ಥರ ಕೂಗುತ್ತದೆ. ಹಾಗಾಗಿ ಹಾಲ್‌ನಲ್ಲಿ ಇಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ.

ಇಷ್ಟು ಹೊಗಳಿದ ಮೇಲೂ ಮುಹೂರ್ತದ ಫೋಟೋಗಳ ವಿಷಯಕ್ಕೆ ಬಂದರೆ ಸಿಟ್ಟು ಬರುತ್ತದೆ.

ಧಾರೆಯ ಕೈಗಳ ಫೋಟೋ ತಗೊಳ್ಳಿ. ಹುಡುಗನ ಕೈ, ಅದರ ಮೇಲೆ ಹುಡುಗಿಯ ಮೆಹಂದಿ ಕೈ, ತೆಂಗಿನಕಾಯಿ, ವೀಳ್ಯದೆಲೆ, ಮೇಲಿಂದ ಅಪ್ಪ ಅಮ್ಮ ಎರೆಯುವ ನೀರು. ಬೆರಳ ಸಂದಿಯಿಂದ ಹನಿ ಜಾರುವ ಕ್ಷಣ ಸಿಕ್ಕಿದರೆ ಆ ಫೋಟೋಗೆ ಆಲ್ಬಂನಲ್ಲಿ ಪೂರ್ತಿ ಎರಡು ಪುಟ. ಆದರೆ ಅದರಲ್ಲಿ ಮುಖವೇ ಇಲ್ಲ. ಹಿಂದೆ ಮಸುಕಾಗಿ ನಿಂತ ಯಾರದೋ ಮುಖವನ್ನು ಹುಡುಕಿ, ಶಾರ್ಪ್ ಇಲ್ಲ ಅಂತ ಇಡೀ ಫೋಟೋವನ್ನೇ ತಳ್ಳಿಹಾಕುತ್ತದೆ. ಬಾಸಿಂಗ ಕಟ್ಟಿದ ಮುಖ ಅರ್ಧ ಸಿಗುತ್ತದೆ, ಅರ್ಧ ಸಿಗಲ್ಲ. ನಿಕಾಹ್‌ನಲ್ಲಿ ಮಲ್ಲಿಗೆ ಸೆಹ್ರಾ ಇಳಿಬಿಟ್ಟ ಮದುಮಗನನ್ನು ಇದು ಮನುಷ್ಯ ಅಂತಲೇ ಗುರುತಿಸಲ್ಲ. ಅಂತರಪಟ ಸರಿಯುವ ಗಳಿಗೆಯಲ್ಲಿ ಮುಖ ಅರೆಬರೆ ಕಾಣುತ್ತದೆ. ನೋಡುವವರಿಗೆ ಚೆಂದವೇ ಅದು. ಇದಕ್ಕೆ ಅದು ಅಡ್ಡ ಬಂದ ಬಟ್ಟೆ.

ಕಂಪನಿಗೆ ಸ್ಯಾಂಪಲ್ ಫೋಟೋ ಸಮೇತ ಮೇಲ್ ಬರೆದೆ. ಉತ್ತರ ಬೇಗನೇ ಬಂತು, ಬಹಳ ವಿನಯದ ಉತ್ತರ. ಸೆಟ್ಟಿಂಗ್‌ನಲ್ಲಿ ಕಣ್ಣಿನ ಕಟ್ಟುನಿಟ್ಟು ಕಡಿಮೆ ಮಾಡಿಕೊಳ್ಳಿ ಅಂದರು. ಮಾಡಿದೆ. ಮುಹೂರ್ತದ ಫೋಟೋಗಳು ಉಳಿದವು, ಜೊತೆಗೆ ಸ್ಟೇಜ್ ಮೇಲಿನ ಕಣ್ಣು ಮುಚ್ಚಿದ ಮಾವಂದಿರೆಲ್ಲ ವಾಪಸ್ ಬಂದು ಕೂತರು. ಒಂದು ಮದುವೆಗೆ ಒಂದೇ ಅಳತೆ ಅನ್ನುವವರು ನಮ್ಮ ಕಡೆಯ ಮದುವೆಗೆ ಒಮ್ಮೆ ಬಂದು ಹೋಗಬೇಕು. ಹಿಂದಿನ ಸಂಜೆಯ ರಿಸೆಪ್ಷನ್ನೂ ಬೆಳಗಿನ ಮುಹೂರ್ತವೂ ಒಂದೇ ಛತ್ರದಲ್ಲಿ ನಡೆದರೂ ಎರಡೂ ಬೇರೆ ಬೇರೆ ಕೆಲಸ.

ಈಗ ನಾನು ಮಾಡುತ್ತಿರುವುದು ಹೀಗೆ. ಫೋಟೋ ತೆಗೆದ ಸಮಯ ನೋಡಿ ಮೊದಲೇ ಎರಡು ಫೋಲ್ಡರ್ ಮಾಡುತ್ತೇನೆ. ರಿಸೆಪ್ಷನ್, ಗುಂಪು ಫೋಟೋ, ಊಟದ ಮನೆ, ಇವು ಸಾಫ್ಟ್‌ವೇರ್‌ಗೆ. ಕಾಶಿಯಾತ್ರೆಯಿಂದ ಅರುಂಧತಿ ನಕ್ಷತ್ರ ತೋರಿಸುವವರೆಗಿನದ್ದು ನನಗೆ. ಇದು ನಡೆಯಬೇಕಾದರೆ ಇಬ್ಬರ ಕ್ಯಾಮೆರಾಗಳ ಗಡಿಯಾರವೂ ಸೆಕೆಂಡ್ ಸಮೇತ ಒಂದೇ ಇರಬೇಕು. ಛತ್ರಕ್ಕೆ ಹೋದ ಮೇಲೆ ಮೊದಲ ಕೆಲಸ ಅದೇ. ಫೋನಿನ ಗಡಿಯಾರವನ್ನು ಇಬ್ಬರೂ ಒಂದೊಂದು ಫೋಟೋ ತೆಗೆದುಕೊಳ್ಳುತ್ತೇವೆ. ಹೆಚ್ಚುಕಡಿಮೆಯಾದರೆ ಆಮೇಲೆ ಫೋಟೋ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ಸರಿಮಾಡಬಹುದು. ಕೊಡವರ ಮದುವೆಗೆ ಹೋದಾಗ ಇಡೀ ಮದುವೆಯನ್ನೇ ಕೈಯಿಂದ ಆರಿಸುತ್ತೇನೆ. ಅಲ್ಲಿ ಯಾವ ಗಳಿಗೆ ಮುಖ್ಯ ಅನ್ನೋದು ನನಗೇ ಮನೆಯ ಹಿರಿಯರನ್ನು ಕೇಳಿ ತಿಳಿಯಬೇಕು, ಇದಕ್ಕೇನು ಗೊತ್ತಾಗುತ್ತದೆ?

ಇದರಲ್ಲಿ ನಾನು ಎಣಿಸದೇ ಇದ್ದ ಒಂದು ಖುಷಿ ಸಿಕ್ಕಿತು. ಸ್ಟೇಜ್ ಫೋಟೋಗಳ ರಾಶಿ ತಲೆ ಮೇಲಿಂದ ಇಳಿದ ಮೇಲೆ ಮುಹೂರ್ತದ ಎಂಟುನೂರು, ಸಾವಿರ ಫೋಟೋ ನೋಡೋದು ಕೆಲಸ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಕಾಫಿ ಹಿಡಿದು ಕೂರುತ್ತೇನೆ. ಅಮ್ಮ ಹೂ ಕಟ್ಟುತ್ತಾ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ.

“ಅಕ್ಕಿ ಆರಿಸಿದ ಹಾಗೆ ಆರಿಸ್ತೀಯಲ್ಲೋ.”

“ಹ್ಞೂಂ ಅಮ್ಮ.”

“ಅದನ್ಯಾಕೋ ತೆಗೆದೆ? ಆ ಅಜ್ಜಿ ಮುಖ ನೋಡು, ಎಷ್ಟು ಚೆನ್ನಾಗಿದೆ.”

ನೋಡಿದರೆ ಮೂಲೆಯಲ್ಲಿ ಹುಡುಗಿಯ ಅಜ್ಜಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ನಾನು ಮದುಮಕ್ಕಳನ್ನಷ್ಟೇ ನೋಡುತ್ತಿದ್ದೆ. ಆ ಫೋಟೋ ಆಲ್ಬಂಗೆ ಹೋಯಿತು, ಆಮೇಲೆ ಆ ಮನೆಯವರು ಅದನ್ನೇ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿಕೊಂಡರು. ಅಮ್ಮನಿಗೆ ತಿಂಗಳಿಗೆ ಚಂದಾ ಕೊಡಬೇಕಾಗಿಲ್ಲ ಅನ್ನೋದು ಇನ್ನೊಂದು ಅನುಕೂಲ.

ಚಂದಾ ಅಂದರೆ, ಇದಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ ಆಗುತ್ತದೆ. ಡಾಲರ್‌ನಲ್ಲಿ ಕಟ್ಟುವುದರಿಂದ ಕಾರ್ಡಿನವರು ವಿದೇಶಿ ವ್ಯವಹಾರ ಅಂತ ಮೇಲೆ ಒಂದಿಷ್ಟು ಹಿಡಿಯುತ್ತಾರೆ. ವರ್ಷದ ಪ್ಲಾನ್ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಅವರ ವರ್ಷಕ್ಕೆ ಹನ್ನೆರಡು ತಿಂಗಳು, ನನ್ನ ಕಸುಬಿಗೆ ಅಷ್ಟಿಲ್ಲ. ಆಷಾಢದಲ್ಲೂ ಧನುರ್ಮಾಸದಲ್ಲೂ ಬಂದ್ ಮಾಡಿ, ಬುಕಿಂಗ್ ಶುರುವಾದಾಗ ಮತ್ತೆ ಕಟ್ಟುತ್ತೇನೆ. ಮುಂಚೆ ಸೆಲೆಕ್ಷನ್ ಮಾಡಿಕೊಡುತ್ತಿದ್ದ ಹುಡುಗನಿಗೆ ಒಂದೊಂದು ಮದುವೆಗೆ ಇದಕ್ಕಿಂತ ಜಾಸ್ತಿ ಕೊಡುತ್ತಿದ್ದೆ. ಹಾಗಂತ ಅವನನ್ನು ಬಿಟ್ಟಿಲ್ಲ. ಈಗ ಅವನು ಆಲ್ಬಂ ಡಿಸೈನ್ ಮಾಡುತ್ತಾನೆ, ಶಾಸ್ತ್ರಗಳ ಕ್ರಮ ಅವನಿಗೆ ಬಾಯಿಪಾಠ. ಲಾಜಾಹೋಮದ ಫೋಟೋ ಸಪ್ತಪದಿ ಆದ ಮೇಲೆ ಬಂದರೆ ನನಗಿಂತ ಮೊದಲು ಅವನೇ ಹಿಡಿಯುತ್ತಾನೆ.

ಇನ್ನೊಂದು ಕಿರಿಕಿರಿ ಇದೆ, ಅದರಲ್ಲಿ ಸಾಫ್ಟ್‌ವೇರ್‌ನ ತಪ್ಪಿಲ್ಲ. ಎಐ ಅನ್ನುವ ಮಾತು ಗ್ರಾಹಕರ ಕಿವಿಗೂ ಬಿದ್ದಿದೆ. “ಅಣ್ಣಾ, ಈಗ ಎಲ್ಲ ಎಐ ಅಲ್ವಾ, ನಾಳೆನೇ ಕೊಟ್ಬಿಡಿ” ಅಂತ ಫೋನ್ ಬರುತ್ತದೆ. ಆರಿಸುವುದು ಮುಗಿದ ಮೇಲೆ ಬಣ್ಣ ಸರಿಮಾಡೋದು, ಆಲ್ಬಂ ಕೂರಿಸೋದು, ಪ್ರಿಂಟಿಗೆ ಕಳಿಸೋದು ಎಲ್ಲ ಇದ್ದೇ ಇದೆ. ಅದೂ ಅಲ್ಲದೆ ಆಲ್ಬಂಗೆ ಯಾವ ಫೋಟೋ ಬೇಕು ಅಂತ ಆರಿಸಿ ಕಳಿಸೋಕೆ ಅವರೇ ಮೂರು ತಿಂಗಳು ತಗೋತಾರೆ. ಆ ಬಗ್ಗೆ ಕೇಳಿದರೆ “ಅತ್ತೆ ಮನೆಯವರು ಇನ್ನೂ ನೋಡಿಲ್ಲ ಅಣ್ಣಾ”. ಉಳಿದ ಸಮಯವನ್ನು ಹೀಗೆ ಬಂದವರಿಗೆಲ್ಲ ಹಂಚಿಬಿಟ್ಟರೆ ಮತ್ತೆ ರಾತ್ರಿ ಎರಡು ಗಂಟೆಯೇ ಗತಿ. ಅದಕ್ಕೆ ಕೊಟೇಶನ್‌ನಲ್ಲಿ ಫೋಟೋ ಕೊಡುವ ಗಡುವನ್ನು ನಾನು ಒಂದು ದಿನವೂ ಕಡಿಮೆ ಮಾಡಿಲ್ಲ. ಈ ಸಾಫ್ಟ್‌ವೇರ್ ಇದೆ ಅಂತ ಗ್ರಾಹಕರಿಗೆ ಹೇಳುವುದೂ ಇಲ್ಲ.

ಯಾರಿಗೆ ಬೇಡ? ತಿಂಗಳಿಗೆ ಒಂದೋ ಎರಡೋ ಮದುವೆ ಮಾಡುವವರಿಗೆ ಖಂಡಿತ ಬೇಡ, ಕೈಯಲ್ಲೇ ಆರಿಸಿ, ಕಣ್ಣೂ ಪಳಗುತ್ತದೆ. 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇದ್ದವರಿಗೂ ಬೇಡ, ನನ್ನ ಹಳೇ ಮೆಷಿನ್ ಇದನ್ನು ಎಳೆಯಲಾರದೆ ಎಳೆಯುತ್ತಿತ್ತು. ದೊಡ್ಡ ರಿಸೆಪ್ಷನ್‌ಗಳು ಜಾಸ್ತಿ ಇರುವವರು, ಸೀಸನ್‌ನಲ್ಲಿ ವಾರಕ್ಕೆ ಮೂರು ಮದುವೆ ಹಿಡಿಯುವವರು ಕಣ್ಣು ಮುಚ್ಚಿ ತಗೋಬಹುದು. ನನ್ನ ಕಡೆಯಿಂದ 5ಕ್ಕೆ ಮೂರೂವರೆ. ಸ್ಟೇಜ್ ಫೋಟೋಗಷ್ಟೇ ಆದರೆ ಐದಕ್ಕೆ ಐದು, ಮುಹೂರ್ತಕ್ಕೆ ಒಂದು ಕೊಡೋದೂ ಕಷ್ಟ.

ದುಡ್ಡು ಕಟ್ಟುವ ಮೊದಲು ಸಾಮಾನ್ಯವಾಗಿ ಕೆಲವು ದಿನ ಸುಮ್ನೆ ಬಳಸಿ ನೋಡೋಕೆ ಕೊಡುತ್ತಾರೆ. ಆಗ ಹೊಸ ಮದುವೆಯ ಫೋಟೋ ಹಾಕಬೇಡಿ. ಆಲ್ಬಂ ಕೊಟ್ಟು ಮುಗಿಸಿರುವ ಹಳೇ ಮದುವೆಯೊಂದರ ಪೂರ್ತಿ ಫೋಲ್ಡರ್ ಹಾಕಿ. ಆ ಮನೆಯವರು ಆಲ್ಬಂಗೆ ಅಂತ ಆರಿಸಿ ಕಳಿಸಿದ್ದ ನಂಬರ್‌ಗಳ ಪಟ್ಟಿ ಇನ್ನೂ ನಿಮ್ಮ ವಾಟ್ಸಾಪ್‌ನಲ್ಲೇ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಎಷ್ಟಕ್ಕೆ ಕೆಂಪು ಗುರುತು ಬಿದ್ದಿದೆ ಅಂತ ಎಣಿಸಿ ನೋಡಿ, ಆಮೇಲೆ ಕಾರ್ಡ್ ತೆಗೆಯಿರಿ.